ಒಂದು ವರ್ಗಮೂಲ ಕೊಟ್ಟ ಕಾಟ

ಪರದೆ ತುಂಬ ಬರೀ ‘ನ್ಯಾನ್’. ಮೊದಲ ಸಲ ಪ್ರೋಗ್ರಾಂ ಓಡಿಸಿದಾಗ ಕಂಡಿದ್ದು ಇಷ್ಟೇ. ಇದು ಸಂಖ್ಯೆಯೇ ಅಲ್ಲ ಅಂತ ಕಂಪ್ಯೂಟರ್ ಕೈಚೆಲ್ಲಿತ್ತು.

ನಾನು ಲೆಕ್ಕ ಹಾಕುತ್ತಿದ್ದದ್ದು ದೂಳು ತುಂಬಿದ ಪ್ಲಾಸ್ಮಾದಲ್ಲಿ, ಅಂದರೆ ಎಲೆಕ್ಟ್ರಾನ್, ಅಯಾನುಗಳಾಗಿ ಒಡೆದ ಅನಿಲದಲ್ಲಿ, ಏಳುವ ಅಲೆಗಳನ್ನು. ಅವುಗಳ ನಡುವೆ ಮೈಕ್ರಾನ್ ಗಾತ್ರದ ದೂಳು ಸೇರಿದರೆ ಒಂದೊಂದು ಕಣವೂ ಸಾವಿರಾರು ಎಲೆಕ್ಟ್ರಾನ್ ಮೆತ್ತಿಕೊಂಡು ಋಣ ಆವೇಶ ಪಡೆಯುತ್ತದೆ. ಕಣ ಭಾರ, ಹಾಗಾಗಿ ಅಲೆ ನಿಧಾನ. ಹೀಗೊಂದು ಅಲೆ ಇರಬೇಕು ಅಂತ ರಾವ್, ಶುಕ್ಲಾ, ಯು ಎಂಬ ವಿಜ್ಞಾನಿಗಳು 1990ರಲ್ಲಿ ಲೆಕ್ಕದಲ್ಲೇ ಹೇಳಿದ್ದರು. 1995ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಅದನ್ನು ಕಣ್ಣಾರೆ ನೋಡಿದರು. ಸೆಕೆಂಡಿಗೆ ಸುಮಾರು 9 ಸೆಂ.ಮೀ. ವೇಗ! ಪ್ಲಾಸ್ಮಾದ ಲೋಕದಲ್ಲಿ ಇದು ತೆವಳಿದ ಹಾಗೆ.

ಅಲೆ ದೊಡ್ಡದಾದರೆ ಅದರ ವಿಭವ (ವಿದ್ಯುತ್ತಿನ ಏರಿಳಿತ, ಪೊಟೆನ್ಶಿಯಲ್) ಒಂದು ಗುಂಡಿಯಾಗುತ್ತದೆ. ನಿಧಾನವಾಗಿ ಓಡಾಡುವ ಎಲೆಕ್ಟ್ರಾನ್ ಇಲ್ಲವೇ ಅಯಾನು ಕಣಗಳು ಅದರೊಳಗೆ ಗೋಲಿಯ ಹಾಗೆ ಅತ್ತಿತ್ತ ಉರುಳುತ್ತ ಸಿಕ್ಕಿಕೊಳ್ಳುತ್ತವೆ. ಭೌತವಿಜ್ಞಾನಿ ಶಾಮೆಲ್ 1972ರಲ್ಲಿ ತೋರಿಸಿದ ಹಾಗೆ, ಹೀಗೆ ಸಿಕ್ಕಿಕೊಂಡ ಕಣಗಳಿಂದ ಸಾಂದ್ರತೆಯಲ್ಲಿ ವಿಭವದ ಒಂದೂವರೆ ಘಾತ ಬರುತ್ತದೆ. ಅಲೆ ಹೇಗೆ ಸಾಗುತ್ತದೆ ಅಂತ ಹೇಳುವ ಶಾಮೆಲ್ ಸಮೀಕರಣಕ್ಕೆ ಬಂದಾಗ ಅದೇ ವಿಭವದ ವರ್ಗಮೂಲವಾಗುತ್ತದೆ.

ನಾನು ಎಡವಿದ್ದು ಮೊದಲು ಇಲ್ಲೇ. ಎಲೆಕ್ಟ್ರಾನ್ ಸಿಕ್ಕಿಕೊಳ್ಳುವ ಲೆಕ್ಕ ನೋಟ್‌ಬುಕ್‌ನಲ್ಲಿ ರೆಡಿ ಇತ್ತು. ಸುಮ್ನೆ ಅದನ್ನೇ ಎತ್ತಿಕೊಂಡೆ. ನಮ್ಮ ಗೈಡ್ ಒಂದೇ ಸಾಲು ನೋಡಿ, “ಋಣ ಗುಂಡಿಯಲ್ಲಿ ಎಲೆಕ್ಟ್ರಾನ್ ಕೂರುತ್ತದೇನಪ್ಪಾ?” ಅಂದರು. ಕೂರುವುದಿಲ್ಲ, ಹೊರಗೆ ತಳ್ಳಿಸಿಕೊಳ್ಳುತ್ತದೆ. ದೂಳಿನ ಅಲೆಯ ಉಬ್ಬಿನಲ್ಲಿ ವಿಭವ ಋಣ, ಸಿಕ್ಕಿಕೊಳ್ಳುವುದು ಅಯಾನು. ನಾನು ಋಣ ಸಂಖ್ಯೆಗೆ ವರ್ಗಮೂಲ ಹುಡುಕುತ್ತಿದ್ದೆ!

ಚಿಹ್ನೆ ತಿದ್ದಿದೆ. ಮತ್ತೆ ನ್ಯಾನ್. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ನಾನು ಬಳಸುತ್ತಿದ್ದದ್ದು ಫೂರಿಯೆ ವಿಧಾನ, ಅಂದರೆ ಅಲೆಯನ್ನು ಸೈನ್ ಅಲೆಗಳ ಮೊತ್ತವಾಗಿ ಬರೆಯುವುದು. ಅಲೆಯಿಂದ ದೂರದಲ್ಲಿ, ವಿಭವ ಸೊನ್ನೆ ಇರಬೇಕಾದ ಕಡೆ, ಚಿಹ್ನೆ ತಿದ್ದಿದ ಮೇಲೂ ಅದು ಚೂರೇ ಚೂರು ಸೊನ್ನೆಯ ಕೆಳಗೆ ಹೋಗುತ್ತದೆ. ವರ್ಗಮೂಲಕ್ಕೆ ಅಷ್ಟೇ ಸಾಕು. ಚಿಹ್ನೆ ಬಿಟ್ಟು ಬರೀ ಪ್ರಮಾಣ ತೆಗೆದುಕೊಂಡ ಮೇಲೆ ಓಡಿತು. ಇದು ಬುದ್ಧಿವಂತಿಕೆಯಲ್ಲ, ತೇಪೆ. ಆದರೆ ಆ ಜಾಗದಲ್ಲಿ ಮೌಲ್ಯ ಅಷ್ಟು ಚಿಕ್ಕದಿರುವುದರಿಂದ ಉಬ್ಬಿಗೆ ಏನೂ ಆಗುವುದಿಲ್ಲ.

ಓಡಿದ ಮಾತ್ರಕ್ಕೆ ಸರಿ ಅಂತಲ್ಲ, ಅಲ್ವಾ? ಅದಕ್ಕೆ ಒಂದು ಪರೀಕ್ಷೆ ಇಟ್ಟೆ. ಕಣ ಸಿಕ್ಕಿಕೊಳ್ಳದಿದ್ದಾಗ ಬಳಸುವ ಕೆಡಿವಿ (ಕೋರ್ಟೆವೆಗ್–ಡಿ ವ್ರೀಸ್) ಸಮೀಕರಣದಲ್ಲಿ ಒಂಟಿ ಅಲೆಯ, ಅಂದರೆ ಆಕಾರ ಕೆಡದೆ ಸಾಗುವ ಒಂದೇ ಉಬ್ಬಿನ, ಎತ್ತರ 4 ಪಟ್ಟಾದರೆ ಅಗಲ ಅರ್ಧವಾಗುತ್ತದೆ. ಶಾಮೆಲ್ ಸಮೀಕರಣದಲ್ಲಿ ಅಗಲ ಅರ್ಧವಾಗಲು ಎತ್ತರ 16 ಪಟ್ಟಾಗಬೇಕು. ಅಳೆದೆ, ಸರಿಯಾಗಿ ಹೊಂದಿತು.

ಆಮೇಲೆ ಆಸೆ ಜಾಸ್ತಿಯಾಗಿ ಒಂದು ದೊಡ್ಡ ಅಲೆ, ಅದರ ಮುಂದೆ ಒಂದು ಚಿಕ್ಕ ಅಲೆ ಬಿಟ್ಟೆ. ದೊಡ್ಡದು ಚಿಕ್ಕದನ್ನು ಹಿಂದೆ ಹಾಕಿತು. ಹಿಂದುಗಡೆ ಸಣ್ಣ ತರಂಗ ಉಳಿಯಿತು. ಕೆಡಿವಿ ಅಲೆಗಳು ಹೀಗೆ ಕಸ ಬಿಟ್ಟು ಹೋಗುವುದಿಲ್ಲ. ಪ್ರೋಗ್ರಾಂ ಮತ್ತೆ ಕೆಟ್ಟಿತು ಅಂದುಕೊಂಡೆ. ಕಾಲದ ಹೆಜ್ಜೆ ಅರ್ಧ ಮಾಡಿದೆ. ಬಿಂದುಗಳನ್ನು ಎರಡು ಪಟ್ಟು ಮಾಡಿ, ರಾತ್ರಿಯೆಲ್ಲ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ತರಂಗ ಅಲ್ಲೇ ಇತ್ತು, ಒಂಚೂರೂ ಬದಲಾಗದೆ. ಅದು ತಪ್ಪಲ್ಲ, ಆ ಸಮೀಕರಣದ ಗುಣವೇ ಹಾಗೆ.