ಎಂಟನ್ನು ಮೂರು ಎಂದು ಓದಿದ್ದೆ

2022ರ ಜೂನ್ ತಿಂಗಳ ಒಂದು ಶನಿವಾರ ಸಂಜೆ. ಹುಬ್ಬಳ್ಳಿಯ ವಿದ್ಯಾನಗರದ ನನ್ನ ಬಾಡಿಗೆ ಮನೆಯಲ್ಲಿ ಕೂತು, ಗದಗಿನ ಸೋದರಮಾವನಿಗೆ 40,000 ರೂಪಾಯಿ ಕಳಿಸಿದೆ. ಹಿಂದಿನ ವರ್ಷ ಬ್ಯಾಡಗಿ ಹತ್ತಿರದ ನಮ್ಮ ಹೊಲದಲ್ಲಿ ಬೋರ್ ಕೊರೆಸಲು ಮಾವ 3 ಲಕ್ಷ ಕೈಗಡ ಕೊಟ್ಟಿದ್ದರು. ಬಡ್ಡಿ ಕೇಳಲಿಲ್ಲ, ಕಾಗದ ಬರೆಸಿಕೊಳ್ಳಲಿಲ್ಲ. ನನ್ನ ಸಂಬಳದಲ್ಲಿ ಉಳಿಸಿದ್ದು ಅದರ ಮೊದಲ ಕಂತು.

ನನ್ನ ಖಾತೆ ಒಂದು ಬ್ಯಾಂಕಿನಲ್ಲಿ, ಮಾವನದು ಇನ್ನೊಂದರಲ್ಲಿ. ನೆಫ್ಟ್ ಮಾಡಿದೆ. ಅರ್ಧ ತಾಸಿಗೊಮ್ಮೆ ಕಂತೆಕಂತೆಯಾಗಿ ದುಡ್ಡು ದಾಟಿಸುವ ವ್ಯವಸ್ಥೆ ಅದು. 2019ರ ಡಿಸೆಂಬರ್ 16ರಿಂದ ಹಗಲು ರಾತ್ರಿ, ರಜೆ ದಿನವೂ ನಡೆಯುತ್ತದೆ. ಸ್ವಲ್ಪ ಹೊತ್ತಿಗೆ ನನ್ನ ಮೊಬೈಲಿಗೆ ಮೆಸೇಜ್ ಬಂತು, ಹಣ ಜಮೆ ಆಗಿದೆ ಅಂತ. ಸಮಾಧಾನವಾಗಿ ಊಟಕ್ಕೆ ಕೂತೆ.

ರಾತ್ರಿ ಒಂಬತ್ತಕ್ಕೆ ಮಾವ ಫೋನ್ ಮಾಡಿದರು. "ಯವ್ವಾ, ರೊಕ್ಕ ಇನ್ನೂ ಬಂದಿಲ್ಲ ನೋಡು."

ಮಾವ ಕಳಿಸಿದ್ದ ಪಾಸ್‌ಬುಕ್ ಫೋಟೊ ಮತ್ತೆ ತೆಗೆದು ದೊಡ್ಡದು ಮಾಡಿ ನೋಡಿದೆ. ಫೋಟೊ ಮಸುಕಾಗಿತ್ತು. ಖಾತೆ ನಂಬರಿನ ನಡುವೆ ಇದ್ದ ಎಂಟನ್ನು ನಾನು ಮೂರು ಎಂದು ಓದಿದ್ದೆ. ಆ್ಯಪ್ ಎರಡು ಸಲ ನಂಬರ್ ಕೇಳುತ್ತದೆ, ನಿಜ. ಆದರೆ ಓದಿದ್ದೇ ತಪ್ಪಾದರೆ ಎರಡು ಸಲ ಬರೆದು ಏನು ಉಪಯೋಗ? ಎರಡೂ ಸಲ ಮೂರೇ ಒತ್ತಿದ್ದೆ. ಆ ನಂಬರಿನ ಖಾತೆಯೂ ಇತ್ತು. ಯಾರದೋ ಖಾತೆ.

ಹೆಸರಿನ ಜಾಗದಲ್ಲಿ ನಾನು ಮಾವನ ಹೆಸರನ್ನು ಸರಿಯಾಗೇ ಬರೆದಿದ್ದೆ. ಹೆಸರು ಹೊಂದದಿದ್ದರೆ ಬ್ಯಾಂಕಿನವರು ತಡೆಯುತ್ತಾರೆ ಎಂದು ನಂಬಿದ್ದೆ. ಹಾಗಿಲ್ಲ. ದುಡ್ಡು ಜಮೆ ಆಗುವುದು ಖಾತೆ ನಂಬರ್ ನೋಡಿ, ಹೆಸರು ನೋಡಿ ಅಲ್ಲ. ಅಂಥ ಖಾತೆಯೇ ಇಲ್ಲದಿದ್ದರೆ ದುಡ್ಡು ಒಂದೆರಡು ತಾಸಿನಲ್ಲಿ ತಾನೇ ವಾಪಸ್ ಬರುತ್ತದೆ. ಖಾತೆ ಇದ್ದರೆ ಅಲ್ಲೇ ಕೂರುತ್ತದೆ.

ಭಾನುವಾರ ಹೇಗೆ ಕಳೆಯಿತೋ ಗೊತ್ತಿಲ್ಲ. ಸೋಮವಾರ ಬಾಗಿಲು ತೆಗೆಯುವ ಹೊತ್ತಿಗೇ ನನ್ನ ಬ್ಯಾಂಕಿನ ಶಾಖೆಯಲ್ಲಿದ್ದೆ. ಕೌಂಟರಿನಲ್ಲಿದ್ದವರು ಮೊದಲು ಕೇಳಿದ್ದು ಯುಟಿಆರ್ ನಂಬರ್. ಪ್ರತಿ ವರ್ಗಾವಣೆಗೂ ಸಿಗುವ ಗುರುತಿನ ಸಂಖ್ಯೆ ಅದು. ನೆಫ್ಟ್‌ಗೆ 16 ಅಕ್ಷರ, ದೊಡ್ಡ ಮೊತ್ತ ಕಳಿಸುವ ಆರ್‌ಟಿಜಿಎಸ್‌ಗೆ 22. ಅದನ್ನು ಬರೆದು, ಸರಿ ನಂಬರ್, ತಪ್ಪು ನಂಬರ್ ಎರಡೂ ಬರೆದು ಅರ್ಜಿ ಕೊಟ್ಟೆ. ಒಂದು ಪ್ರತಿಗೆ ಸೀಲು ಹಾಕಿಸಿಕೊಂಡೆ. ನನ್ನ ಬ್ಯಾಂಕು ಆ ಬ್ಯಾಂಕಿಗೆ ಬರೆಯುತ್ತದೆ, ಅವರು ಖಾತೆದಾರರನ್ನು ಕೇಳುತ್ತಾರೆ, ಅವರು ಒಪ್ಪಿದರೆ ಮಾತ್ರ ದುಡ್ಡು ವಾಪಸ್. ಒಪ್ಪಿಗೆ ಇಲ್ಲದೆ ಬ್ಯಾಂಕಿನವರು ಸುಮ್ನೆ ತೆಗೆದು ಕೊಡುವಂತಿಲ್ಲ. ಇದನ್ನು ಕೇಳಿದಾಗ ನನ್ನ ಕೈಕಾಲು ತಣ್ಣಗಾದವು.

ಹತ್ತೊಂಬತ್ತು ದಿನ ಕಾದೆ. ನಡುವೆ ಮೂರು ಸಲ ಶಾಖೆಗೆ ಹೋಗಿ ಬಂದೆ. ಇಪ್ಪತ್ತನೇ ದಿನ 40,000 ಪೂರ್ತಿ ನನ್ನ ಖಾತೆಗೆ ಬಂತು, ಅದನ್ನು ಮಾವನ ಸರಿ ನಂಬರಿಗೆ ಕಳಿಸಿದೆ. ಆ ಖಾತೆ ಯಾರದು ಎಂದು ಬ್ಯಾಂಕಿನವರು ಹೇಳಲಿಲ್ಲ, ಹೇಳಬಾರದು ಕೂಡ. ಆ ಮನುಷ್ಯ ಒಂದು ಸಹಿ ಹಾಕಿದ್ದಕ್ಕೆ ನನ್ನ ದುಡ್ಡು ಉಳಿಯಿತು. ಅವರ ಹೊಟ್ಟೆ ತಣ್ಣಗಿರಲಿ.

ಅಂದಿನಿಂದ ಹೊಸಬರ ಖಾತೆಗೆ ಮೊದಲು ಹತ್ತು ರೂಪಾಯಿ ಕಳಿಸುತ್ತೇನೆ. ಅದು ಮುಟ್ಟಿದೆ ಎಂದು ಆ ಕಡೆಯವರ ಬಾಯಿಂದಲೇ ಕೇಳಿದ ಮೇಲೆ ಉಳಿದದ್ದು. ನನ್ನ ಮೊಬೈಲಿಗೆ ಬರುವ ಮೆಸೇಜನ್ನು ಮಾತ್ರ ನಂಬುವುದಿಲ್ಲ, ಅದು ಎಲ್ಲೋ ಜಮೆ ಆಗಿದೆ ಎನ್ನುತ್ತದೆ ಅಷ್ಟೇ. ಹತ್ತು ರೂಪಾಯಿಗೆ ಖರ್ಚೂ ಇಲ್ಲ. 2020ರ ಜನವರಿಯಿಂದ ಉಳಿತಾಯ ಖಾತೆಯವರು ಆನ್‌ಲೈನಿನಲ್ಲಿ ಮಾಡುವ ನೆಫ್ಟ್‌ಗೆ ಶುಲ್ಕ ಹಾಕುವಂತಿಲ್ಲ.

ಮಾವನ ಉಳಿದ 2,60,000 ರೂಪಾಯಿ ತೀರಿಸಲು ಈ ವರ್ಷದ ಸುಗ್ಗಿ ಬರಬೇಕಾಯಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿ ಪಟ್ಟಿ ಆಯಿತು, ದಲಾಲಿ ಅಂಗಡಿಯವರು ಅಪ್ಪನ ಖಾತೆಗೆ ದುಡ್ಡು ಹಾಕಿದರು. ಅಪ್ಪನಿಗೆ ಅದನ್ನು ಬಿಡಿಸಿಕೊಂಡು ಕೈಯಾರೆ ಕೊಟ್ಟು ಬರುವ ಆಸೆ. ಮೊದಲೆಲ್ಲ ಹಾಗೇ ಮಾಡುತ್ತಿದ್ದ. ಒಳ ಅಂಗಿಯ ಕಿಸೆಯಲ್ಲಿ ನೋಟಿನ ಕಟ್ಟು ಇಟ್ಟು, ಮೇಲೆ ಪಿನ್ನು ಹಾಕಿ, ಬಸ್ಸಿನಲ್ಲಿ ಗದಗಿನವರೆಗೂ ಎದೆ ಮೇಲೆ ಕೈ ಇಟ್ಟುಕೊಂಡೇ ಕೂರುತ್ತಿದ್ದ. "ರೊಕ್ಕ ಕೊಡೋದು ಅಂದ್ರ ಮುಖ ನೋಡಿ ಕೊಡಬೇಕವ್ವಾ" ಎಂದ. ಮುಖ ನೋಡಲು ಬೇರೆ ದಿನ ಹೋಗೋಣ, ದುಡ್ಡು ಬ್ಯಾಂಕಿನಿಂದ ಹೋಗಲಿ ಎಂದು ನಾನು ರಜೆ ಹಾಕಿ ಬ್ಯಾಡಗಿಗೆ ಹೋದೆ.

ಯುಪಿಐಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದ ಮಿತಿ. ಮೂರು ದಿನ ಬೇಕು. ಅದೂ ಅಪ್ಪನ ಮೊಬೈಲಿನಲ್ಲಿ ಆ ಸೌಲಭ್ಯ ಇಲ್ಲ, ಅವನ ಪರವಾಗಿ ನಾನು ಪಿನ್ ಒತ್ತುವುದು ನನಗೆ ಇಷ್ಟವೂ ಇಲ್ಲ. ಅವನ ದುಡ್ಡು, ಅವನೇ ಸಹಿ ಹಾಕಬೇಕು. ಹಾಗಾಗಿ ಆರ್‌ಟಿಜಿಎಸ್ ಆಯ್ದುಕೊಂಡೆವು. ಅದಕ್ಕೆ ಕನಿಷ್ಠ ಎರಡು ಲಕ್ಷ ಇರಬೇಕು. ನೆಫ್ಟ್‌ನಂತೆ ಕಂತೆಗಾಗಿ ಕಾಯುವುದಿಲ್ಲ, ಒಂದೊಂದೂ ಬೇರೆಬೇರೆಯಾಗಿ ಕೂಡಲೇ ಹೋಗುತ್ತದೆ.

ಚಲನ್ ತುಂಬುವಾಗ ಐಎಫ್‌ಎಸ್‌ಸಿ ಕೋಡ್ ಹತ್ತಿರ ನಿಂತೆ. ಒಟ್ಟು 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನ ಗುರುತು, ಕೊನೆಯ ಆರು ಶಾಖೆಯದು, ನಡುವಿನ ಐದನೆಯದು ಯಾವಾಗಲೂ ಸೊನ್ನೆ. ಅಪ್ಪ ಅದನ್ನು ಇಂಗ್ಲಿಷಿನ ಓ ಅಕ್ಷರದಂತೆ ದುಂಡಗೆ ಬರೆದಿದ್ದ, ತಿದ್ದಿಸಿದೆ. ಕೋಡನ್ನು ಹಳೆ ಪಾಸ್‌ಬುಕ್ ನೋಡಿ ಬರೆಯಬಾರದು ಎನ್ನುವುದೂ ಇದೆ. ನಮ್ಮ ಕಡೆ ಎಷ್ಟೊಂದು ಬ್ಯಾಂಕು ಒಂದರೊಳಗೊಂದು ಸೇರಿವೆ ಅಲ್ವಾ? ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿತು, ಮುಂದಿನ ವರ್ಷ ಹಳೆ ಕೋಡ್ ನಿಂತಿತು. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿ ಕೇಂದ್ರವಾಗಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ. ಮಾವನಿಗೆ ಹೊಸ ಚೆಕ್ ಹಾಳೆಯ ಫೋಟೊ ಕಳಿಸಲು ಹೇಳಿದ್ದೆ. ಆಮೇಲೆ ಫೋನಿನಲ್ಲಿ ಒಂದೊಂದೇ ಅಂಕಿ ಅವರು ಓದಿದರು, ನಾನು ಟಿಕ್ ಹಾಕಿದೆ.

ಚಲನ್ ಕೊಟ್ಟ ಮೇಲೆ ಕೌಂಟರಿನವರಿಗೆ ಒಂದು ಮಾತು ಕೇಳಿದೆ: "ಸರ್, ಈ ನಂಬರ್ ಯಾರ ಹೆಸರಲ್ಲಿದೆ ಅಂತ ಒಮ್ಮೆ ನೋಡಿ ಹೇಳ್ತೀರಾ?" 2025ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್ ಈ ಸೌಲಭ್ಯ ತಂದಿದೆ. ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ ಹಾಕಿದರೆ, ದುಡ್ಡು ಹೋಗುವ ಮೊದಲೇ ಖಾತೆದಾರರ ಹೆಸರು ಕಾಣುತ್ತದೆ. ಇದಕ್ಕೆ ಶುಲ್ಕ ಇಲ್ಲ. ಅವರು ಒತ್ತಿ ನೋಡಿ ಮಾವನ ಹೆಸರನ್ನು ಜೋರಾಗಿ ಓದಿದರು. ಅಪ್ಪ ನನ್ನ ಕಡೆ ತಿರುಗಿ, "ಹೌದು, ಅವನ ಹೆಸರೇ" ಎಂದ. 2022ರಲ್ಲೇ ಇದು ಇದ್ದಿದ್ದರೆ ಆ ಹತ್ತೊಂಬತ್ತು ದಿನ ನನಗೆ ಬರುತ್ತಿರಲಿಲ್ಲ.

ಶುಲ್ಕ ತೆರಿಗೆ ಸೇರಿ ಮೂವತ್ತು ರೂಪಾಯಿಯ ಒಳಗೇ ಆಯಿತು. ಸೀಲು ಹಾಕಿದ ಚೀಟಿಯಲ್ಲಿ ಯುಟಿಆರ್ ನಂಬರ್ ಬರೆಸಿಕೊಂಡೆವು. ಅಪ್ಪ ಅದನ್ನು ಮಡಚಿ ಒಳ ಅಂಗಿಯ ಕಿಸೆಯಲ್ಲಿ ಇಟ್ಟ.

ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದಾಗಲೇ ಮಾವನ ಫೋನ್ ಬಂತು. ಮರುದಿನ ಅವರು ಪಾಸ್‌ಬುಕ್ಕಿಗೆ ಪ್ರಿಂಟ್ ಹಾಕಿಸಿ ಆ ಪುಟದ ಫೋಟೊ ಕಳಿಸಿದರು. ಕೊನೆಯ ಸಾಲಿನಲ್ಲಿ 2,60,000, ಪಕ್ಕದಲ್ಲಿ ಅಪ್ಪನ ಹೆಸರು.