ಕ್ಷಯದ ಮಾತ್ರೆ ಆರು ತಿಂಗಳು ತಪ್ಪದಂತೆ ನುಂಗಿಸುವುದು ಹೇಗೆ

ಎರಡು ವಾರ ದಾಟಿದ ಕೆಮ್ಮಿಗೆ ಕಷಾಯ ಕುಡಿಸುತ್ತಾ ಕೂರಬೇಡಿ. ನಾನು ಕೂತಿದ್ದೆ. ಕೊನೆಗೆ ಮೈದುನನನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಾಗ ಅವನ ತೂಕ 47 ಕಿಲೋ. ಮೊದಲು ಕೊಟ್ಟ ಕಫದ ಡಬ್ಬಿ ವಾಪಸು ಬಂತು, ಅದರಲ್ಲಿದ್ದದ್ದು ಬರೀ ಎಂಜಲು. ಬೆಳಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿದಾಗ ಬರುವುದೇ ಕಫ. ಅದನ್ನು ಹಿತ್ತಲಿನ ಬಯಲಿನಲ್ಲಿ ತೆಗೆಸಿ, ಬಚ್ಚಲಲ್ಲಿ ಬೇಡ.

ಮಾತ್ರೆಯ ಲೆಕ್ಕ ತೂಕದ ಮೇಲೆ. 35ರಿಂದ 49 ಕಿಲೋ ತನಕ ದಿನಕ್ಕೆ ಮೂರು. ಮೊದಲ ಎರಡು ತಿಂಗಳು ಒಂದೇ ಮಾತ್ರೆಯಲ್ಲಿ ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು ಔಷಧ. ತಿಂಗಳಿಗೊಮ್ಮೆ ತೂಕ ನೋಡಿಸಿ, ಏರಿದರೆ ಆಸ್ಪತ್ರೆಯಲ್ಲಿ ಹೇಳಿ.

ಕಷ್ಟ ಶುರುವಾಗುವುದು ಮೂರನೆಯ ತಿಂಗಳಲ್ಲಿ. ಕೆಮ್ಮು ನಿಂತಿರುತ್ತದೆ, ಮುದ್ದೆ ರುಚಿಸತೊಡಗಿರುತ್ತದೆ, ಇನ್ನೇಕೆ ಮಾತ್ರೆ ಎನ್ನಿಸುತ್ತದೆ. ನಮ್ಮವನು ಮದುವೆಗೆಂದು ಊರಿಗೆ ಹೋಗಿ ಬಂದ. "ಮಾತ್ರೆ ತೆಗೆದುಕೊಂಡೆಯಾ?" ಎಂದರೆ "ಹೂಂ ಅತ್ತಿಗೆ" ಎಂದ. "ಮೂತ್ರದ ಬಣ್ಣ ಹೇಗಿದೆ?" ಎಂದೆ. ತಲೆ ತಗ್ಗಿಸಿದ. ಈ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಎಂಬ ಔಷಧ ನುಂಗಿದ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಚೀಲದ ತಳದಲ್ಲಿ ಮೂರು ದಿನದ ಮಾತ್ರೆ ಹಾಗೆಯೇ ಇತ್ತು.

ಮರುದಿನ ಎಲ್ಲವನ್ನೂ ಒಟ್ಟಿಗೆ ನುಂಗಿಸುವ ಬುದ್ಧಿ ನನಗೂ ಬಂದಿತ್ತು. ಹಾಗೆ ಮಾಡಬಾರದು. ತಪ್ಪಿದ್ದನ್ನು ಆಶಾ ಕಾರ್ಯಕರ್ತೆಗೆ ತಿಳಿಸಿ, ಅವರು ಹೇಳಿದಂತೆ ಮುಂದುವರಿಸಿ. ನಡುವೆ ಬಿಟ್ಟರೆ ಉಳಿದ ರೋಗಾಣು ಇದೇ ಔಷಧಕ್ಕೆ ಬಗ್ಗದಂತಾಗಬಹುದು. ಆಗ ಬೇರೆ ಔಷಧ, ಹೆಚ್ಚು ತೊಂದರೆ, ಮನೆಯವರಿಗೂ ಅದೇ ಮೊಂಡು ರೋಗಾಣು. ರಾಬರ್ಟ್ ಕಾಕ್ ಈ ರೋಗಾಣುವನ್ನು ಜಗತ್ತಿಗೆ ತಿಳಿಸಿದ್ದು 1882ರಲ್ಲಿ. ಇಂದಿಗೂ ವರ್ಷವರ್ಷ ಹೊಸದಾಗಿ ಕ್ಷಯ ಬರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ನಮ್ಮ ದೇಶದವರು.

ನಾನು ದೇವರ ಮನೆಯ ಬಾಗಿಲಿಗೆ ಕ್ಯಾಲೆಂಡರ್ ನೇತು ಹಾಕಿದೆ. ನನ್ನೆದುರು ನುಂಗಿದ ಮೇಲೆ ಅವನೇ ಕುಂಕುಮದ ಬೊಟ್ಟು ಇಡಬೇಕು. ಪರ ಊರಿಗೆ ಹೊರಟರೆ ಬಟ್ಟೆಗಿಂತ ಮೊದಲು ಮಾತ್ರೆ ಚೀಲ ಸೇರಬೇಕು.

ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅಂದೇ ವೈದ್ಯರಿಗೆ ತೋರಿಸಿ. ಪಾದ ಜುಮುಗುಟ್ಟಿದರೂ ಹೇಳಿ. ಹೆಂಡ ಬೇಡವೇ ಬೇಡ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ಆಗಿದೆ. ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯನ್ನು ಮೊದಲ ವಾರವೇ ಕೊಟ್ಟುಬಿಡಿ. ನಾವು ತಡಮಾಡಿ ಅಲೆದೆವು.

ಮನೆಯವರೆಲ್ಲರಿಗೂ, ಮಕ್ಕಳಿಗಂತೂ ತಪ್ಪದೆ, ತಪಾಸಣೆ ಮಾಡಿಸಿ. ನಮ್ಮ ಅತ್ತೆ ಅವನ ತಟ್ಟೆ ಲೋಟ ಬೇರೆ ಇಟ್ಟಿದ್ದರು. ಕ್ಷಯ ಹರಡುವುದು ಗಾಳಿಯಲ್ಲಿ, ತಟ್ಟೆಯಲ್ಲಲ್ಲ. ತಟ್ಟೆಯನ್ನು ಒಳಗೆ ತಂದು, ವರ್ಷಗಳಿಂದ ಮುಚ್ಚಿದ್ದ ಅವನ ಕೋಣೆಯ ಕಿಟಕಿ ತೆಗೆಸಿದೆ. ಚಿಲಕ ತುಕ್ಕು ಹಿಡಿದಿತ್ತು, ಕೊಬ್ಬರಿ ಎಣ್ಣೆ ಬಿಡಬೇಕಾಯಿತು.