ಆರ್ಡರ್ ಇಲ್ಲದ ವರ್ಷ ಸಿಸ್ಟರ್ ಕಂಪನಿಗೆ ರೇಟ್ ಹಾಕುವುದು ಹೇಗೆ?

ನಾನು ಬಳ್ಳಾರಿಯ ಒಂದು ಜೀನ್ಸ್ ಯುನಿಟ್‌ನ ಲೆಕ್ಕ ನೋಡುತ್ತೇನೆ. ಹೊಲಿದ ಪ್ಯಾಂಟೆಲ್ಲ ದುಬೈನಲ್ಲಿರುವ ನಮ್ಮದೇ ಸಿಸ್ಟರ್ ಕಂಪನಿಗೆ ಹೋಗುತ್ತವೆ. ಒಂದು ವರ್ಷ ಆರ್ಡರ್ ಕುಸಿದು, 60 ಮಷಿನ್‌ಗಳಲ್ಲಿ 22 ಮಾತ್ರ ಓಡಿದವು. "ರೇಟ್ ಸ್ವಲ್ಪ ಇಳಿಸಿಬಿಡಿ" ಎಂದು ಅಲ್ಲಿಂದ ಫೋನ್ ಬಂತು. ಸುಮ್ನೆ ಇಳಿಸೋಕಾಗಲ್ಲ. ಟ್ರಾನ್ಸ್‌ಫರ್ ಪ್ರೈಸಿಂಗ್, ಅಂದರೆ ಇಂಥ ಸಂಬಂಧವಿರುವ ಕಂಪನಿಗಳ ನಡುವಿನ ರೇಟ್ ನೋಡುವ ತೆರಿಗೆ ನಿಯಮ, ಕೇಳುವುದು ಒಂದೇ: ಸಂಬಂಧವಿಲ್ಲದ ಪಾರ್ಟಿಗಾದರೆ ಈ ರೇಟಿಗೆ ಕೊಡುತ್ತಿದ್ದಿರಾ?

ಮೊದಲು ಅಗ್ರಿಮೆಂಟ್ ತೆಗೆದು ಓದಿ. ನಷ್ಟ ಯಾರ ತಲೆಗೆ ಅಂತ ನೋಡಿ. ನಮ್ಮದು ಮೊದಲೇ ಗೊತ್ತುಮಾಡಿದ ಖರ್ಚಿನ ಮೇಲೆ 10 ಪರ್ಸೆಂಟ್ ಸೇರಿಸಿ ಹೊಲಿದು ಕೊಡುವ ಕೆಲಸ. ಸರಕು ಅಲ್ಲಿ ಮಾರಾಟವಾಗದಿದ್ದರೆ ಅದು ದುಬೈನವರ ತಲೆನೋವು. ಷರತ್ತು ಬದಲಿಸುವುದಿದ್ದರೆ ಇವತ್ತಿನ ತಾರೀಖಿನಲ್ಲೇ ಬದಲಿಸಿ. ಮಾರ್ಚ್ ಮುಗಿದ ಮೇಲೆ ಹಳೇ ತಾರೀಖು ಹಾಕುವ ಜಾಣತನ ಬೇಡ.

ತಲೆ ತಿನ್ನುವುದು ನಿಂತ ಮಷಿನ್‌ಗಳ ಲೆಕ್ಕ. ಹೊಲಿಗೆ ನಿಂತರೂ ಶೆಡ್ಡಿನ ಬಾಡಿಗೆ, ಜೆಸ್ಕಾಂ ಕರೆಂಟ್ ಬಿಲ್ಲಿನ ನಿಗದಿತ ಶುಲ್ಕ ನಿಲ್ಲಲ್ಲ. ನಮ್ಮ ಅಗ್ರಿಮೆಂಟ್‌ನಲ್ಲಿ ಇದರ ಮಾತೇ ಇರಲಿಲ್ಲ. ಈ ಖರ್ಚನ್ನು ಬೇರೆಯಾಗಿ ತೋರಿಸಿ. ರೇಟ್ ಸರಿಯಿದೆಯೇ ಎಂದು ನೋಡಲು ನಮ್ಮ ಲಾಭವನ್ನು ಇಂಥದೇ ಕೆಲಸದ ಬೇರೆ ಕಂಪನಿಗಳ ಲಾಭದ ಜೊತೆ ಹೋಲಿಸುವಾಗ, ಇದಕ್ಕೆ ಹೊಂದಾಣಿಕೆ ಕೇಳಿ, ಅಂದರೆ ನಿಂತ ಮಷಿನ್‌ಗಳ ಪರಿಣಾಮ ಸರಿದೂಗಿಸಿ ಹೋಲಿಸಲು ಹೇಳಿ. ಪುರಾವೆ ಇಲ್ಲದೆ ತೆರಿಗೆ ಇಲಾಖೆ ಒಪ್ಪಲ್ಲ. ನಾನು ತಿಂಗಳವಾರು ಕರೆಂಟ್ ಬಿಲ್, ಹಾಜರಿ ಪುಸ್ತಕ, ಆರ್ಡರ್ ರದ್ದಾದ ಮೇಲ್‌ಗಳನ್ನು ಒಂದೇ ಫೈಲಿಗೆ ಹಾಕಿದ್ದೆ. ಹೋಲಿಕೆಗೂ ಅದೇ ವರ್ಷದ ಅಂಕಿ ಹುಡುಕಿ. ಆ ಕಂಪನಿಗಳಿಗೂ ಪೆಟ್ಟು ಬಿದ್ದಿರುತ್ತದೆ, ಅಲ್ವಾ?

"ರೇಟ್ ಇರಲಿ, ದುಡ್ಡು ತಡವಾಗಿ ಕೊಡ್ತೀವಿ" ಎಂದು ದುಬೈನವರು ಅಂದರೂ ಹುಷಾರು. ಬಾಕಿ ಜಾಸ್ತಿ ದಿನ ಎಳೆದರೆ, ಬಡ್ಡಿ ಯಾಕೆ ಹಾಕಿಲ್ಲ ಎಂದು ಇಲಾಖೆ ಕೇಳಬಹುದು.